ರೋಮಿನ ಕಲ್ಲು ಹೇಳಿದ್ದು, ನುಂಗಿದ್ದು: ಪ್ರಾಚೀನ ಸ್ಮಾರಕಗಳನ್ನು ರಾಜಕೀಯ ಪ್ರಚಾರವಾಗಿ ಓದುವ ಕ್ರಮ

ಚಿತ್ರದುರ್ಗದ ಚಂದ್ರವಳ್ಳಿಯ ನೆಲ ಅಗೆದಾಗ ಶಾತವಾಹನರ ನಾಣ್ಯಗಳಿದ್ದ ಜಾಗದಲ್ಲೇ ರೋಮಿನ ಚಕ್ರವರ್ತಿ ಅಗಸ್ಟಸನ ಕಾಲದ ಬೆಳ್ಳಿ ನಾಣ್ಯವೂ ಸಿಕ್ಕಿತು. ಬೆಂಗಳೂರಿನ ಯಶವಂತಪುರದಲ್ಲಿ 19ನೇ ಶತಮಾನದ ಕೊನೆಯಲ್ಲಿ ರೋಮನ್ ನಾಣ್ಯಗಳ ಒಂದು ಗಂಟೇ ದೊರೆತಿತ್ತು. ದಕ್ಷಿಣ ಭಾರತದಲ್ಲಿ ಸಿಕ್ಕಿರುವ ಇಂಥ ಬೆಳ್ಳಿ ನಾಣ್ಯಗಳಲ್ಲಿ ಎರಡು ಬಗೆಯವೇ ಹೆಚ್ಚು. ಅವುಗಳಲ್ಲಿ ಒಂದು ಬಗೆಯದು ನಮ್ಮ ಅಂಗೈಯಲ್ಲಿದೆ ಎಂದುಕೊಳ್ಳಿ. ಒಂದು ಮಗ್ಗುಲಲ್ಲಿ ಅಗಸ್ಟಸನ ತಲೆ. ಸುತ್ತ 'ಸೀಸರ್ ಅಗಸ್ಟಸ್, ದೇವನಾದವನ ಮಗ, ದೇಶದ ತಂದೆ' ಎಂಬ ಬರಹ. ಇನ್ನೊಂದು ಮಗ್ಗುಲಲ್ಲಿ ಇಬ್ಬರು ತರುಣರು, ಅವರ ನಡುವೆ ಗುರಾಣಿ, ಈಟಿ. ಇವರು ಗಾಯಸ್ ಮತ್ತು ಲೂಸಿಯಸ್. ಬರಹ ಅವರನ್ನು ಅಗಸ್ಟಸನ ಮಕ್ಕಳು ಎನ್ನುತ್ತದೆ. ಅವರು ಅವನ ಮಗಳು ಜೂಲಿಯಾಳ ಮಕ್ಕಳು, ಕ್ರಿ.ಪೂ. 17ರಲ್ಲಿ ತಾತನೇ ದತ್ತು ತೆಗೆದುಕೊಂಡಿದ್ದ.

ನಾಣ್ಯ ಹೇಳುವುದಿಷ್ಟು: ಪಟ್ಟಕ್ಕೆ ವಾರಸುದಾರರು ಸಿದ್ಧ, ಯಾರೂ ಗಾಬರಿಯಾಗಬೇಡಿ. ಕ್ರಿ.ಶ. 2ರಲ್ಲಿ ಲೂಸಿಯಸ್ ಸತ್ತ, 4ರಲ್ಲಿ ಗಾಯಸ್ ಸತ್ತ. ನಾಣ್ಯಗಳು ಮಾತ್ರ ಮೆಣಸು ಮುತ್ತುಗಳ ವ್ಯಾಪಾರದ ದಾರಿ ಹಿಡಿದು, ಲ್ಯಾಟಿನ್ ಒಂದಕ್ಷರವೂ ಬಾರದ ಊರುಗಳವರೆಗೆ ಬಂದವು.

ಈ ಪುಟ್ಟ ಬೆಳ್ಳಿ ಬಿಲ್ಲೆಯ ಮೇಲೆ ಇಷ್ಟು ರಾಜಕೀಯ ಹಿಡಿಸುತ್ತದೆ ಎಂದಾದರೆ, ಮೂವತ್ತು ಮೀಟರ್ ಎತ್ತರದ ಕಂಬದ ಮೇಲೆ ಎಷ್ಟು ಹಿಡಿಸಬಹುದು? ಅದನ್ನು ಓದುವ ಕ್ರಮವನ್ನೇ ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ರೋಮಿಗೆ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಮನೆಯಲ್ಲಿ ಕುಳಿತು ಚಿತ್ರ ನೋಡುವವರಿಗೂ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ರೋಮಿನ ಶಿಲ್ಪ ನೇರವಾಗಿ ಸುಳ್ಳು ಹೇಳುವುದು ಅಪರೂಪ. ಅದರ ಜಾಣತನವೆಲ್ಲ ಏನನ್ನು ಬಿಡಬೇಕು ಎಂಬುದರಲ್ಲಿದೆ.

ಹಂತ 1: ಒಂದೇ ಸ್ಮಾರಕ, ಮೂರು ಅಂಕಣ

ಒಂದೇ ದಿನ ಹತ್ತು ಸ್ಮಾರಕ ನೋಡುವ ಆಸೆ ಬಿಡಿ. ಒಂದನ್ನು ಆರಿಸಿಕೊಳ್ಳಿ. ಪುಸ್ತಕದ ಹಾಳೆಯಲ್ಲಿ ಮೂರು ಅಂಕಣ ಎಳೆಯಿರಿ: ಕಾಣುವುದು, ಹೇಳುವುದು, ಹೇಳದೆ ಬಿಟ್ಟದ್ದು. ಮೊದಲೆರಡು ಬೇಗ ತುಂಬುತ್ತವೆ. ಮೂರನೆಯದು ಬಹಳ ಹೊತ್ತು ಖಾಲಿ ಇರುತ್ತದೆ. ಇರಲಿ, ಅದನ್ನು ತುಂಬಿಸಲಿಕ್ಕೇ ಮುಂದಿನ ಹಂತಗಳಿವೆ.

ಚಿತ್ರಗಳ ವಿಷಯದಲ್ಲಿ ಒಂದು ಉಪಾಯ. ರೋಮಿನಲ್ಲಿರುವ, ಚಕ್ರವರ್ತಿ ಟ್ರೇಜನನ ಯುದ್ಧಗಳನ್ನು ಕೆತ್ತಿದ ಕಂಬದಂಥ ಸ್ಮಾರಕಗಳನ್ನು ಮಳೆ, ಹೊಗೆ ಎರಡೂ ತಿಂದಿವೆ. 19ನೇ ಶತಮಾನದಲ್ಲಿ ತೆಗೆದ ಗಾರೆಯ ಅಚ್ಚುಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿವೆ. ಕಂಬ ಚಾವಣಿಗಿಂತ ಎತ್ತರವಾದ್ದರಿಂದ ಅಲ್ಲಿ ಅದನ್ನು ಎರಡು ತುಂಡು ಮಾಡಿ ನಿಲ್ಲಿಸಿದ್ದಾರೆ. ಮೂಲದಲ್ಲಿ ಸವೆದುಹೋದ ಎಷ್ಟೋ ವಿವರ ಅಚ್ಚಿನಲ್ಲಿ ಉಳಿದಿದೆ. ಓದಲಿಕ್ಕೆ ಅಚ್ಚಿನ ಚಿತ್ರ, ಜಾಗ ಅರಿಯಲಿಕ್ಕೆ ಮೂಲದ ಚಿತ್ರ. ಎರಡನ್ನೂ ಇಟ್ಟುಕೊಳ್ಳಿ.

ಹಂತ 2: ಶಿಲ್ಪಕ್ಕೆ ಮೊದಲು ಶಾಸನ

ಕಣ್ಣು ಸಹಜವಾಗಿ ಕುದುರೆ, ರಥ, ಕತ್ತಿಗಳ ಕಡೆಗೆ ಓಡುತ್ತದೆ. ತಡೆಯಿರಿ. ಮೊದಲು ಅಕ್ಷರಗಳನ್ನು ನೋಡಿ. ನಮ್ಮ ಶಾಸನಗಳ ಬಿರುದಾವಳಿ ಓದಿದವರಿಗೆ ಈ ಕೆಲಸ ಹೊಸದಲ್ಲ. ಬಿರುದುಗಳು ಪೊಗರು ಮಾತ್ರವಲ್ಲ, ಕಾಲ ಹೇಳುವ ಗಡಿಯಾರವೂ ಹೌದು.

ರೋಮಿನ ಶಾಸನಗಳಲ್ಲಿ ಪದಗಳನ್ನು ಕತ್ತರಿಸಿ ಬರೆಯುತ್ತಾರೆ. ನಾಲ್ಕು ಗೊತ್ತಿದ್ದರೆ ಆರಂಭಕ್ಕೆ ಸಾಕು. 'ಎಸ್ ಪಿ ಕ್ಯು ಆರ್' ಎಂದರೆ ರೋಮಿನ ಸೆನೆಟ್ (ಹಿರಿಯರ ಆಡಳಿತ ಸಭೆ) ಮತ್ತು ಜನತೆ. 'ಡಿವಿ ಎಫ್' ಎಂದರೆ ಸತ್ತು ದೇವರಾದವನ ಮಗ. 'ಕಾಸ್' ಎಂದರೆ ಕಾನ್ಸಲ್, ರೋಮಿನ ಅತ್ಯುನ್ನತ ಅಧಿಕಾರಿಯ ಪದವಿ. ಮುಂದಿನ ಅಂಕಿ ಎಷ್ಟನೆಯ ಸಲ ಎಂಬುದನ್ನು ಹೇಳುತ್ತದೆ. 'ಟ್ರಿಬ್ ಪಾಟ್' ಎಂದರೆ ಜನರ ಪರವಾಗಿ ಮಾತಾಡುವ ಟ್ರಿಬ್ಯೂನನ ಅಧಿಕಾರ. ಚಕ್ರವರ್ತಿ ಇದನ್ನು ವರ್ಷವರ್ಷವೂ ನವೀಕರಿಸಿಕೊಳ್ಳುತ್ತಿದ್ದ ಕಾರಣ ಇದರ ಪಕ್ಕದ ಅಂಕಿ ನಮಗೆ ವರ್ಷವನ್ನೇ ಕೊಡುತ್ತದೆ.

ಟ್ರೇಜನನ ಕಂಬದ ಪೀಠದಲ್ಲಿ ಈ ಅಂಕಿ 17. ಲೆಕ್ಕ ಹಾಕಿದರೆ ಕ್ರಿ.ಶ. 112ರ ಡಿಸೆಂಬರಿನಿಂದ 113ರ ಡಿಸೆಂಬರಿನೊಳಗೆ ಬರುತ್ತದೆ. ಕಂಬವನ್ನು ಅರ್ಪಿಸಿದ್ದು 113ರಲ್ಲಿ. ಅದೇ ಶಾಸನದಲ್ಲಿ ಇನ್ನೊಂದು ವಿಚಿತ್ರವಿದೆ. ಮೇಲೆ ಸುಮಾರು 200 ಮೀಟರ್ ಉದ್ದದ ಪಟ್ಟಿ, 2,500ಕ್ಕೂ ಹೆಚ್ಚು ಆಕೃತಿಗಳು, ಡೇಸಿಯಾದ (ಈಗಿನ ರೊಮೇನಿಯಾದ ಕಡೆಯ ನಾಡು) ಮೇಲೆ ನಡೆಸಿದ ಎರಡು ಯುದ್ಧಗಳು, 101-102ರದ್ದು ಮತ್ತು 105-106ರದ್ದು. ಕೆಳಗಿನ ಶಾಸನದಲ್ಲಿ ಯುದ್ಧದ ಸುದ್ದಿ 'ಡೇಸಿಕಸ್' ಎಂಬ ಒಂದು ಬಿರುದಿನಲ್ಲಿ ಮುಗಿಯುತ್ತದೆ. ಕಂಬ ನಿಲ್ಲಿಸಿದ ಕಾರಣ ಏನೆಂದರೆ, ಇಷ್ಟೆಲ್ಲ ಕಟ್ಟಡಗಳಿಗಾಗಿ ಎಷ್ಟು ಎತ್ತರದ ಗುಡ್ಡವನ್ನು ಅಗೆದು ಸಾಗಿಸಲಾಯಿತು ಎಂದು ತೋರಿಸುವುದಕ್ಕಂತೆ! ಒಂದು ದೇಶವನ್ನೇ ನುಂಗಿದವನು ಮಣ್ಣು ಹೊರಿಸಿದ ಲೆಕ್ಕ ಒಪ್ಪಿಸುತ್ತಿದ್ದಾನೆ. ಇದನ್ನು ಮೂರನೆಯ ಅಂಕಣದಲ್ಲಿ ಬರೆದುಕೊಳ್ಳಿ. (ಆ ಅಕ್ಷರಗಳ ಚೆಲುವು ನಿಮಗೆ ಪರಿಚಿತ ಎನ್ನಿಸಿದರೆ ಆಶ್ಚರ್ಯವಿಲ್ಲ. ಸಿನಿಮಾ ಪೋಸ್ಟರುಗಳಲ್ಲಿ ಮತ್ತೆಮತ್ತೆ ಕಾಣುವ 'ಟ್ರೇಜನ್' ಎಂಬ ಅಚ್ಚಕ್ಷರದ ಮೂಲ ಇದೇ ಕಲ್ಲು.)

ಹಂತ 3: ಯಾರು ಕೊಟ್ಟದ್ದು, ಯಾರು ಕಾಸು ಹಾಕಿದ್ದು?

'ಪ್ರಚಾರ' ಎಂದೊಡನೆ ಒಂದು ಸರ್ಕಾರಿ ಇಲಾಖೆ, ಅದರಿಂದ ಹೊರಟ ಆದೇಶ ನೆನಪಾಗುತ್ತದೆ. ರೋಮಿನಲ್ಲಿ ಅಂಥ ಇಲಾಖೆ ಇರಲಿಲ್ಲ. ಇಂಗ್ಲಿಷಿನ 'ಪ್ರಾಪಗಾಂಡ' ಎಂಬ ಮಾತು ಕೂಡ 1622ರಲ್ಲಿ ಪೋಪ್ ಸ್ಥಾಪಿಸಿದ ಧರ್ಮಪ್ರಸಾರ ಮಂಡಳಿಯ ಹೆಸರಿನಿಂದ ಬಂದದ್ದು. ರೋಮ್ ನಗರದ ಕಮಾನುಗಳನ್ನು ಶಾಸನದ ಪ್ರಕಾರ ಸೆನೆಟ್ 'ಅರ್ಪಿಸುತ್ತದೆ', ಚಕ್ರವರ್ತಿ ಸಂಕೋಚದಿಂದ 'ಸ್ವೀಕರಿಸುತ್ತಾನೆ'. ಹೊಗಳಿಕೆ ತನ್ನ ಬಾಯಿಂದ ಬರದಂತೆ ನೋಡಿಕೊಳ್ಳುವುದೇ ಈ ಏರ್ಪಾಟಿನ ಸೊಗಸು.

ದೂರದ ಪ್ರಾಂತ್ಯಗಳಲ್ಲಿ ಕತೆ ಇನ್ನೂ ಬೇರೆ. ಈಗಿನ ಟರ್ಕಿಯಲ್ಲಿರುವ ಅಫ್ರೋಡಿಸಿಯಸ್ ಎಂಬ ಊರಿನಲ್ಲಿ ಎರಡು ಸ್ಥಳೀಯ ಶ್ರೀಮಂತ ಮನೆತನಗಳು ಚಕ್ರವರ್ತಿಗಳ ಪೂಜೆಗೆಂದು ಮೂರು ಅಂತಸ್ತಿನ ಮೊಗಸಾಲೆಗಳನ್ನು ಕಟ್ಟಿಸಿದವು. ಅಲ್ಲಿಯ ಒಂದು ಫಲಕದಲ್ಲಿ ಬಹುತೇಕ ಬೆತ್ತಲೆಯಾದ ಚಕ್ರವರ್ತಿ ಕ್ಲಾಡಿಯಸ್, ಬ್ರಿಟನ್ ನಾಡನ್ನೇ ಹೆಣ್ಣಾಗಿಸಿದ ಬ್ರಿಟಾನಿಯಾಳನ್ನು ಕೂದಲು ಹಿಡಿದು ನೆಲಕ್ಕೆ ಅದುಮಿದ್ದಾನೆ. ಬ್ರಿಟನ್ನಿನ ಮೇಲೆ ದಂಡು ಹೋದದ್ದು ಕ್ರಿ.ಶ. 43ರಲ್ಲಿ. ಈ ಊರಿನವರಿಗೆ ಬ್ರಿಟನ್ ಎಲ್ಲಿಯದೋ ಮೂಲೆಯ ಸಂಗತಿ. ಆದರೂ ರೋಮಿನ ಜನ ರೋಮಿನಲ್ಲೇ ತೋರಿಸಲು ಹಿಂಜರಿಯುತ್ತಿದ್ದ ರೀತಿಯಲ್ಲಿ ಚಕ್ರವರ್ತಿಯನ್ನು ದೇವರ ಮೈಯಲ್ಲಿ ತೋರಿಸಿದರು. ಅಂಥ ಕಡೆ 'ಇದು ಯಾರ ಪ್ರಚಾರ?' ಎಂಬ ಪ್ರಶ್ನೆಗೆ ಚಕ್ರವರ್ತಿಯ ಹೆಸರಿನ ಜೊತೆ ಊರಿನ ಗೌಡಿಕೆಯ ಹೆಸರನ್ನೂ ಬರೆದುಕೊಳ್ಳಬೇಕು.

ಹಂತ 4: ಜಾಗ

ಸ್ಮಾರಕ ಈಗ ಇರುವ ಜಾಗ ಮತ್ತು ಆಗ ಇದ್ದ ಜಾಗ ಒಂದೇ ಎಂದು ನಂಬಬೇಡಿ. ಒಂದೇ ಆಗಿದ್ದರೂ ಅದಕ್ಕಿಂತ ಮುಂಚೆ ಅಲ್ಲಿ ಏನಿತ್ತು ಎಂದು ಕೇಳಿ. ನೀರೊ ತನ್ನ ಚಿನ್ನದ ಅರಮನೆಗೆ ಊರ ನಡುವೆ ಒಂದು ಕೆರೆ ಕಟ್ಟಿಸಿಕೊಂಡಿದ್ದ. ಅವನ ನಂತರ ಬಂದ ವೆಸ್ಪೇಸಿಯನ್ ಆ ಕೆರೆಯ ಜಾಗದಲ್ಲೇ ಜನರ ಮನರಂಜನೆಗೆ ಕೊಲೋಸಿಯಮ್ ಎಬ್ಬಿಸಿದ. ಅರಸನೊಬ್ಬ ಕಸಿದ ನೆಲವನ್ನು ಊರಿಗೆ ಮರಳಿ ಕೊಟ್ಟೆ ಎಂದು ಹೇಳಲು ಅವನಿಗೆ ಶಾಸನವೇ ಬೇಕಿರಲಿಲ್ಲ, ವಿಳಾಸ ಸಾಕಿತ್ತು.

ಹಂತ 5: ಅರಸನನ್ನು ಹುಡುಕಿ, ಎಣಿಸಿ, ಕ್ರಿಯಾಪದ ಬರೆಯಿರಿ

ಇದು ನನಗೆ ಅತ್ಯಂತ ಪ್ರಿಯವಾದ ಹಂತ, ಹೆಚ್ಚು ಹೊತ್ತು ಹಿಡಿಯುವುದೂ ಇದೇ. ಸ್ಮಾರಕದಲ್ಲಿ ಅರಸ ಎಷ್ಟು ಸಲ ಬರುತ್ತಾನೆ ಎಂದು ಎಣಿಸಿ. ಪ್ರತಿ ಸಲವೂ ಅವನು ಏನು ಮಾಡುತ್ತಿದ್ದಾನೆ ಎಂಬುದಕ್ಕೆ ಒಂದೇ ಒಂದು ಕ್ರಿಯಾಪದ ಬರೆದುಕೊಳ್ಳಿ.

ಟ್ರೇಜನನ ಕಂಬದಲ್ಲಿ ಅವನು ಹೆಚ್ಚು ಕಡಿಮೆ ಅರವತ್ತು ಸಲ ಬರುತ್ತಾನೆ. ನಿಮ್ಮ ಪಟ್ಟಿ ಹೀಗೆ ಬೆಳೆಯುತ್ತದೆ: ಮಾತಾಡುತ್ತಾನೆ. ಹೋಮ ಮಾಡುತ್ತಾನೆ. ನೋಡುತ್ತಾನೆ. ದೂತರನ್ನು ಬರಮಾಡಿಕೊಳ್ಳುತ್ತಾನೆ. ದಂಡಿನೊಡನೆ ಸಾಗುತ್ತಾನೆ. ಮತ್ತೆ ಮಾತಾಡುತ್ತಾನೆ. ಮತ್ತೆ ಹೋಮ. ಪಟ್ಟಿ ಮುಗಿದ ಮೇಲೆ ನೋಡಿದರೆ 'ಕೊಲ್ಲುತ್ತಾನೆ' ಎಂಬ ಮಾತು ಒಮ್ಮೆಯೂ ಇರುವುದಿಲ್ಲ. ಯುದ್ಧದ ಕಂಬದಲ್ಲಿ ಯುದ್ಧ ಮಾಡಿಸುವವನು ಶತ್ರುವಿಗೆ ಕತ್ತಿ ಬೀಸುವುದೇ ಇಲ್ಲ.

ಈಗ ಅದೇ ಪಟ್ಟಿಯನ್ನು ಸೈನಿಕರಿಗೂ ಮಾಡಿ. ಆಯತಾಕಾರದ ಬಾಗಿದ ಗುರಾಣಿ, ಪಟ್ಟಿಪಟ್ಟಿಯ ಕವಚ ಇರುವವರು ಲೀಜನ್‌ಗಳ ಸೈನಿಕರು, ರೋಮಿನ ಪೌರರು. ಅವರು ಮರ ಕಡಿಯುತ್ತಾರೆ, ಹೆಂಟೆ ಹೊರುತ್ತಾರೆ, ಕೋಟೆಗೋಡೆ ಕಟ್ಟುತ್ತಾರೆ, ಸೇತುವೆ ಹಾಕುತ್ತಾರೆ. ಅಂಡಾಕಾರದ ಚಪ್ಪಟೆ ಗುರಾಣಿಯವರು ಪ್ರಾಂತ್ಯಗಳಿಂದ ಬಂದ ಸಹಾಯಕ ಪಡೆಯವರು. ಹಸಿ ಕಾದಾಟ ಬಹುಪಾಲು ಇವರ ಪಾಲಿಗೆ. ಮೊದಲ ದೊಡ್ಡ ಕದನದ ದೃಶ್ಯದಲ್ಲಿ ಸ್ವಲ್ಪ ನಿಂತು ನೋಡಿ: ಇವರಲ್ಲೊಬ್ಬ ಎರಡು ಕೈಗೂ ಕೆಲಸವಿದ್ದ ಕಾರಣ, ಕಡಿದ ತಲೆಯನ್ನು ಅದರ ಕೂದಲಲ್ಲಿ ಹಿಡಿದು ಹಲ್ಲಿನಲ್ಲಿ ಕಚ್ಚಿಕೊಂಡೇ ಮುಂದಿನವನ ಮೇಲೆ ಬೀಳುತ್ತಿದ್ದಾನೆ.

ಪೌರ ಕಟ್ಟುತ್ತಾನೆ, ಪರಪ್ರಾಂತ್ಯದವನು ಕೊಲ್ಲುತ್ತಾನೆ, ಅರಸ ಪೂಜಿಸುತ್ತಾನೆ. ಕಂಬ ಸುತ್ತುತ್ತ 23 ಸುತ್ತು ಹೇಳುವುದು ಈ ಹಂಚಿಕೆಯನ್ನೇ. ನೋಡುವ ರೋಮನನಿಗೆ ನಮ್ಮ ಸೈನ್ಯ ಎಂದರೆ ಕಾಡಿಗೆ ನಾಗರಿಕತೆ ಹೊತ್ತು ಹೋಗುವ ಎಂಜಿನಿಯರುಗಳ ಪಡೆ ಅನ್ನಿಸಬೇಕು, ಅಷ್ಟೆ. ಪಟ್ಟಿಯ ನಡುಮಧ್ಯದಲ್ಲಿ ರೆಕ್ಕೆಯ ವಿಜಯದೇವತೆ ಗುರಾಣಿಯೊಂದರ ಮೇಲೆ ಬರೆಯುತ್ತ ನಿಂತಿದ್ದಾಳೆ. ಮೊದಲ ಯುದ್ಧ ಅಲ್ಲಿಗೆ ಮುಗಿಯಿತು, ಎರಡನೆಯದು ಆಚೆ ಬದಿಯಿಂದ ಶುರು. ಎರಡರ ನಡುವಿನ ಮೂರು ವರ್ಷ ಏನಾಯಿತು, ಸಂಧಿ ಏಕೆ ಮುರಿಯಿತು ಎಂಬುದಕ್ಕೆ ಅವಳ ರೆಕ್ಕೆಯೇ ಪರದೆ.

ಹೋಲಿಕೆಗೆ ಅದೇ ಊರಿನ ಮಾರ್ಕಸ್ ಅರೇಲಿಯಸನ ಕಂಬವನ್ನು ನೋಡಬಹುದು. ಅಲ್ಲಿ ಗುಡಿಸಲುಗಳಿಗೆ ಬೆಂಕಿ, ಹೆಂಗಸರನ್ನು ಕೂದಲು ಹಿಡಿದು ಎಳೆದಾಟ, ಎಲ್ಲ ಬಿಚ್ಚುಬಿಚ್ಚು. ತತ್ವಜ್ಞಾನಿ ಎಂದು ಹೆಸರಾದ ಅರಸನ ಕಂಬವೇ ಹೆಚ್ಚು ಕ್ರೂರ.

ಹಂತ 6: ಉಡುಪು, ವಯಸ್ಸು, ಕಾಲು

ಟೋಗಾದ, ಅಂದರೆ ರೋಮಿನ ಪೌರರು ಮೈಗೆ ಸುತ್ತಿಕೊಳ್ಳುವ ಬಟ್ಟೆಯ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದರೆ ಅರಸ ಪೂಜೆಯಲ್ಲಿದ್ದಾನೆ. ಕವಚ ತೊಟ್ಟಿದ್ದರೆ ದಂಡನಾಯಕ. ಬರಿಗಾಲಾಗಿದ್ದರೆ ಎಚ್ಚರವಾಗಿರಿ, ದೇವರ ಮಟ್ಟಕ್ಕೆ ಏರುತ್ತಿದ್ದಾನೆ.

1863ರಲ್ಲಿ ಪ್ರೀಮಾ ಪೋರ್ಟಾದಲ್ಲಿ ಅಗಸ್ಟಸನ ಹೆಂಡತಿ ಲಿವಿಯಾಳ ತೋಟದ ಮನೆಯಲ್ಲಿ ಸಿಕ್ಕಿದ, ಈಗ ವ್ಯಾಟಿಕನ್ನಿನಲ್ಲಿರುವ ಅಗಸ್ಟಸನ ಪ್ರತಿಮೆಯಲ್ಲಿ ಎರಡೂ ಇವೆ: ಮೈಗೆ ಕವಚ, ಕಾಲು ಬರಿದು. ಕಾಲ ಬಳಿ ಡಾಲ್ಫಿನ್ ಏರಿದ ಪುಟ್ಟ ಕ್ಯೂಪಿಡ್. ಅಗಸ್ಟಸನ ವಂಶದವರು ತಾವು ವೀನಸ್ ದೇವತೆಯ ಸಂತಾನ ಎನ್ನುತ್ತಿದ್ದರು. ಮಗು ಅದರ ಸಾಕ್ಷಿ. ಎದೆಗವಚದ ಮಧ್ಯೆ ಒಬ್ಬ ಪಾರ್ಥಿಯನ್ (ರೋಮಿನ ಪೂರ್ವದ ಎದುರಾಳಿ ಸಾಮ್ರಾಜ್ಯದವನು), ಹದ್ದಿನ ಧ್ವಜವನ್ನು ರೋಮಿನವನಿಗೆ ಒಪ್ಪಿಸುತ್ತಿದ್ದಾನೆ. ಕ್ರಿ.ಪೂ. 53ರಲ್ಲಿ ಕಾರೆ ಎಂಬಲ್ಲಿ ರೋಮಿನ ದಂಡನಾಯಕ ಕ್ರಾಸಸ್ ಸೋತು ಕಳೆದುಕೊಂಡಿದ್ದ ಧ್ವಜಗಳು ಕ್ರಿ.ಪೂ. 20ರಲ್ಲಿ ಮರಳಿ ಬಂದವು. ಬಂದದ್ದು ಮಾತುಕತೆಯಿಂದ. ಎದೆಗವಚದ ಮೇಲೆ ಅದಕ್ಕೆ ಆಕಾಶ, ಸೂರ್ಯ, ಭೂಮಿ ಎಲ್ಲ ಸಾಕ್ಷಿ ನಿಂತು ಲೋಕದ ವ್ಯವಸ್ಥೆಯೇ ಸರಿಹೋದಂತೆ ಕಾಣುತ್ತದೆ. ರಾಜತಂತ್ರದ ಒಪ್ಪಂದಕ್ಕೆ ಯುದ್ಧದ ಉಡುಪು ತೊಡಿಸಿದ್ದಾರೆ.

ಮುಖ ನೋಡಿ. ಅಗಸ್ಟಸ್ ಸತ್ತದ್ದು ತನ್ನ 76ನೇ ಹುಟ್ಟುಹಬ್ಬಕ್ಕೆ ಸ್ವಲ್ಪವೇ ಮುಂಚೆ, ಕ್ರಿ.ಶ. 14ರಲ್ಲಿ. ಅವನ ಪ್ರತಿಮೆಗಳಲ್ಲಿ ಮುಪ್ಪಿನ ಸುಳಿವೇ ಇಲ್ಲ. ಹಣೆಯ ಮೇಲಿನ ಕೂದಲ ಕವಲು ಸಹ ಅದೇ, ಅದರಿಂದಲೇ ಅವನನ್ನು ಗುರುತಿಸುತ್ತಾರೆ. ವೆಸ್ಪೇಸಿಯನ್ ಇದಕ್ಕೆ ತದ್ವಿರುದ್ಧ. ಬೋಳುತಲೆ, ಸುಕ್ಕು, ದಪ್ಪ ಕತ್ತು. ಅದು ಪ್ರಾಮಾಣಿಕತೆಯೆಂದು ಮರುಳಾಗಬೇಡಿ. ಚೆಲುವಿನ ನೀರೊನಿಂದ ಬೇಸತ್ತ ಊರಿಗೆ, 'ನಾನು ನೆಲದ ಮನುಷ್ಯ' ಎಂದು ಹೇಳಲು ಸುಕ್ಕೂ ಒಂದು ವೇಷವೇ.

ಹಂತ 7: ಮಕ್ಕಳು, ಬಳ್ಳಿಗಳು

ಯುದ್ಧವಿಲ್ಲದ ಸ್ಮಾರಕ ಹೆಚ್ಚು ಚತುರ. ಅಗಸ್ಟಸನ ಶಾಂತಿವೇದಿಕೆ, ಅಂದರೆ ಆರಾ ಪಾಚಿಸ್, ಅದರ ಉತ್ತಮ ನಿದರ್ಶನ. ಸೆನೆಟ್ ಕ್ರಿ.ಪೂ. 13ರಲ್ಲಿ ಹರಕೆ ಹೊತ್ತು, ಕ್ರಿ.ಪೂ. 9ರ ಜನವರಿ 30ರಂದು, ಅಗಸ್ಟಸನ ಹೆಂಡತಿ ಲಿವಿಯಾಳ ಹುಟ್ಟುಹಬ್ಬದ ದಿನ, ಅರ್ಪಿಸಿತು. ಗೋಡೆಯ ಕೆಳ ಅರ್ಧವೆಲ್ಲ ಬಳ್ಳಿ, ಎಲೆ, ಹೂವು. ಮೇಲರ್ಧದಲ್ಲಿ ಮೆರವಣಿಗೆ.

ಈ ಮೆರವಣಿಗೆಯ ಮುಂದೆ ನಿಂತರೆ ಬಿಗುಮಾನ ಸಡಿಲವಾದಂತೆ ಕಾಣುತ್ತದೆ. ಒಂದು ಮಗು ಮುಂದಿನ ದೊಡ್ಡವರ ಟೋಗಾ ಹಿಡಿದು ಜಗ್ಗುತ್ತಿದೆ. ಹಿಂದಿನ ಸಾಲಿನ ಹೆಂಗಸೊಬ್ಬಳು ಮಾತಾಡುತ್ತಿರುವವರಿಗೆ ತುಟಿಯ ಮೇಲೆ ಬೆರಳಿಟ್ಟು 'ಸುಮ್ಮನಿರಿ' ಎನ್ನುತ್ತಿದ್ದಾಳೆ. ಯಾರ ಮನೆಯ ಮದುವೆಯಲ್ಲಾದರೂ ಕಾಣುವ ಚಿತ್ರ. ಇದು ರಾಜ್ಯದ ಅಧಿಕೃತ ಪೂಜೆಯ ಸ್ಮಾರಕ; ಇಲ್ಲಿ ಮಕ್ಕಳು, ಹೆಂಡಿರು ಏಕೆ? ಪಟ್ಟ ಎಂಬ ಮಾತನ್ನೇ ಆಡದ ಅಗಸ್ಟಸ್ ರೋಮನ್ನರಿಗೆ ಇದೊಂದು ಕುಟುಂಬ ಎಂದು ಅಭ್ಯಾಸ ಮಾಡಿಸುತ್ತಿದ್ದ. ಗಣರಾಜ್ಯ ಎಂಬ ಹೆಸರು ಹಾಗೇ ಇತ್ತು. ಗೋಡೆಯ ಮೇಲೆ ಮಾತ್ರ ಒಂದು ಮನೆತನ ನಡೆದುಹೋಗುತ್ತಿತ್ತು. ತಲೆಗೆ ಸೆರಗು ಹೊದ್ದ ಅಗ್ರಿಪ್ಪನೂ ಅಲ್ಲಿದ್ದಾನೆ, ಜೂಲಿಯಾಳ ಗಂಡ. ವೇದಿಕೆ ಅರ್ಪಣೆಯಾಗುವ ಹೊತ್ತಿಗೆ ಅವನು ಸತ್ತು ಮೂರು ವರ್ಷ. ಕಲ್ಲಿನಲ್ಲಿ ಕುಟುಂಬ ಪೂರ್ಣವಾಗಿಯೇ ಇದೆ.

ಹಂತ 8: ಸೋತವನ ಹೆಸರು ಹುಡುಕಿ

ಮೂರನೆಯ ಅಂಕಣ ತುಂಬುವುದು ಇಲ್ಲಿ. ರೋಮಿನಲ್ಲಿ ಹೊರಗಿನ ಶತ್ರುವನ್ನು ಗೆದ್ದರೆ ಹೆಸರು ಹಿಡಿದು ಮೆರೆಸುತ್ತಾರೆ. ಗೆದ್ದದ್ದು ರೋಮಿನವರನ್ನೇ ಆದರೆ? ಅಂತರ್ಯುದ್ಧಕ್ಕೆ ಮೆರವಣಿಗೆ ಮಾಡುವಂತಿರಲಿಲ್ಲ, ಅದು ನಾಚಿಕೆ.

ಅಗಸ್ಟಸ್ ತನ್ನ ಸಾಧನೆಗಳ ಪಟ್ಟಿಯನ್ನು ತಾನೇ ಬರೆದಿಟ್ಟು ಸತ್ತ. ಅದರ ಪ್ರತಿ ಅಂಕಾರಾದ ದೇವಾಲಯದ ಗೋಡೆಯಲ್ಲಿ ಲ್ಯಾಟಿನ್, ಗ್ರೀಕ್ ಎರಡರಲ್ಲೂ ಉಳಿದಿದೆ. ಮೊದಲ ವಾಕ್ಯಗಳಲ್ಲೇ, ಹತ್ತೊಂಬತ್ತನೇ ವಯಸ್ಸಿನಲ್ಲಿ ಸ್ವಂತ ಖರ್ಚಿನಲ್ಲಿ ಸೈನ್ಯ ಕಟ್ಟಿ, ಒಂದು 'ಗುಂಪಿನ' ದಬ್ಬಾಳಿಕೆಯಿಂದ ರಾಜ್ಯವನ್ನು ಬಿಡಿಸಿದೆ ಎನ್ನುತ್ತಾನೆ. ಅಂತರ್ಯುದ್ಧದಲ್ಲಿ ಅವನು ಸೋಲಿಸಿದ ಆಂಟನಿಯ ಹೆಸರು ಇಡೀ ಬರಹದಲ್ಲಿ ಇಲ್ಲ. ಜೂಲಿಯಸ್ ಸೀಸರನನ್ನು ಕೊಂದವರಲ್ಲೊಬ್ಬನಾದ ಬ್ರೂಟಸನದೂ ಇಲ್ಲ. ಈಜಿಪ್ಟಿನಿಂದ ತಂದು ನಿಲ್ಲಿಸಿದ ಒಬೆಲಿಸ್ಕಿನ ಕೆಳಗೆ, ಈಜಿಪ್ಟನ್ನು ರೋಮಿನ ಜನತೆಯ ಅಧೀನಕ್ಕೆ ತಂದದ್ದಕ್ಕಾಗಿ ಎಂದು ಬರೆಸಿದ. ತನ್ನ ಭಾವಮೈದುನನಾಗಿದ್ದ, ಈಜಿಪ್ಟಿನ ರಾಣಿಯ ಜೊತೆ ಸೇರಿದ್ದ ರೋಮನ್ ಆಂಟನಿಯ ಮೇಲಿನ ಯುದ್ಧ ಹೀಗೆ ಪರದೇಶದ ಗೆಲುವಾಯಿತು.

ಮುನ್ನೂರು ವರ್ಷ ಮುಂದೆ ಬನ್ನಿ. 312ರ ಅಕ್ಟೋಬರ್ 28ರಂದು ಮಿಲ್ವಿಯನ್ ಸೇತುವೆಯ ಬಳಿ ಕಾನ್‌ಸ್ಟಂಟೈನ್ ತನ್ನ ಎದುರಾಳಿ ಮ್ಯಾಕ್ಸೆಂಟಿಯಸನನ್ನು ಸೋಲಿಸಿದ. 315ರಲ್ಲಿ ಸೆನೆಟ್ ಅವನಿಗೆ 21 ಮೀಟರ್ ಎತ್ತರದ ಕಮಾನನ್ನು ಅರ್ಪಿಸಿತು. ಅದರ ಶಾಸನ ಹೇಳುವುದು: ದೈವಪ್ರೇರಣೆಯಿಂದ, ಮನಸ್ಸಿನ ಹಿರಿಮೆಯಿಂದ, 'ಕ್ರೂರ ಪ್ರಭು' ಮತ್ತು ಅವನ 'ಗುಂಪಿನ' ಮೇಲೆ ರಾಜ್ಯದ ಪರವಾಗಿ ಸೇಡು ತೀರಿಸಿದವನಿಗೆ. ಹೆಸರಿಲ್ಲ! ಲ್ಯಾಟಿನ್ನಿನಲ್ಲಿ ಅಗಸ್ಟಸ್ ಬಳಸಿದ ಪದವೇ ಇಲ್ಲಿಯೂ ಇದೆ: ಫಾಕ್ಟಿಯೊ. ದೈವಪ್ರೇರಣೆ ಯಾವ ದೈವದ್ದು? ಅದನ್ನೂ ಹೇಳಿಲ್ಲ. ಹಳೆಯ ದೇವರುಗಳ ಸೆನೆಟರ್ ಓದಿದರೂ ಸರಿ, ಕ್ರೈಸ್ತ ಓದಿದರೂ ಸರಿ, ತಲೆದೂಗಬಹುದು. ಇಷ್ಟು ನಾಜೂಕಾದ ರಾಜಕೀಯ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

ಈಗ ಕಮಾನಿನ ಶಿಲ್ಪಕ್ಕೆ ಬನ್ನಿ. ಮೇಲಿನ ಅಂತಸ್ತಿನಲ್ಲಿ ಡೇಸಿಯನ್ ಬಂದಿಗಳ 8 ಪ್ರತಿಮೆಗಳು. ಕಾನ್‌ಸ್ಟಂಟೈನನ ಈ ಯುದ್ಧಕ್ಕೂ ಡೇಸಿಯನ್ನರಿಗೂ ಏನು ಸಂಬಂಧ? ಏನೂ ಇಲ್ಲ. ಅವು ಇನ್ನೂರು ವರ್ಷ ಹಳೆಯ ಟ್ರೇಜನನ ಕಾಲದವು. ದುಂಡು ಫಲಕಗಳ ಬೇಟೆ, ಪೂಜೆಯ ದೃಶ್ಯಗಳು ಹೇಡ್ರಿಯನನ ಸ್ಮಾರಕದ್ದು. ಇನ್ನೂ ಕೆಲವು ಫಲಕಗಳು ಮಾರ್ಕಸ್ ಅರೇಲಿಯಸನದು. ಹಳೆಯ ಅರಸರ ತಲೆಗಳನ್ನು ಹೊಸಬನಿಗೆ ತಕ್ಕಂತೆ ತಿದ್ದಿದ್ದಾರೆ. ಸಮಯ, ಕಲ್ಲು, ಕುಶಲಿಗರು ಕಡಿಮೆ ಇದ್ದದ್ದೂ ಕಾರಣವಿರಬಹುದು. ಆದರೆ ಆರಿಸಿದ ಮೂವರೂ 'ಒಳ್ಳೆಯ ಅರಸರು' ಎಂದೇ ಹೆಸರಾದವರು, ಸುಮ್ಮನೆ ಕೈಗೆ ಸಿಕ್ಕಿದವರಲ್ಲ ಎಂದು ನನ್ನ ಅಭಿಪ್ರಾಯ. ಅವನ ಕಾಲದಲ್ಲೇ ಹೊಸದಾಗಿ ಕೆತ್ತಿದ ಕಿರಿದಾದ ಪಟ್ಟಿಯಲ್ಲಿ, ಕಾನ್‌ಸ್ಟಂಟೈನ್ ಸಭೆಯ ಮಧ್ಯೆ ನೇರ ಮುಂದಕ್ಕೆ ನೋಡುತ್ತ ನಿಂತು ಮಾತಾಡುವ ದೃಶ್ಯವಿದೆ. ವೇದಿಕೆಯ ಎರಡು ತುದಿಯಲ್ಲಿ ಕುಳಿತ ಪ್ರತಿಮೆಗಳು ಯಾರವು? ಹೇಡ್ರಿಯನ್, ಮಾರ್ಕಸ್ ಅರೇಲಿಯಸ್. ಪಕ್ಕದ ಇನ್ನೊಂದು ದೃಶ್ಯದಲ್ಲಿ ಅವನು ಹಣ ಹಂಚುತ್ತಿದ್ದಾನೆ. ಮೇಲಿನ ಪುಟ್ಟ ಕೋಣೆಗಳಲ್ಲಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದಾರೆ, ಕೆಳಗೆ ಜನ ಕೈಯೆತ್ತಿದ್ದಾರೆ. ಸಭೆಯ ದೃಶ್ಯದಲ್ಲಿ ಕಾನ್‌ಸ್ಟಂಟೈನನ ತಲೆಯೇ ಈಗ ಕಾಣೆಯಾಗಿದೆ.

ಹಂತ 9: ಉಳಿಯ ಗುರುತು, ಮೊಳೆಯ ತೂತು

ದುರ್ಬೀನು ಅಥವಾ ಮೊಬೈಲಿನ ಜೂಮ್ ಬೇಕಾಗುವುದು ಇಲ್ಲಿ. ಕತ್ತು ತಲೆಗಿಂತ ದಪ್ಪವಾಗಿದೆಯೇ? ಕಿವಿಯ ಹಿಂದೆ ಬೇರೆ ಕೇಶವಿನ್ಯಾಸದ ಉಳಿಕೆ ಇದೆಯೇ? ಶಾಸನದ ಒಂದು ಸಾಲು ಉಳಿದವುಗಳಿಗಿಂತ ತಗ್ಗಾಗಿದೆಯೇ?

ರೋಮನ್ ಫೋರಮ್ಮಿನ ಸೆಪ್ಟಿಮಿಯಸ್ ಸೆವೆರಸನ ಕಮಾನು 203ರದ್ದು. ಅರಸ ಮತ್ತು ಅವನ ಇಬ್ಬರು ಮಕ್ಕಳು, ಕ್ಯಾರಕಲ್ಲಾ ಮತ್ತು ಗೇಟಾ, ಮೂವರಿಗೂ ಅರ್ಪಿಸಿದ್ದು. 211ರಲ್ಲಿ ತಂದೆ ಸತ್ತ. ಅದೇ ವರ್ಷ ಅಣ್ಣ ತಮ್ಮನನ್ನು ಕೊಲ್ಲಿಸಿದ. ಗೇಟಾನ ಹೆಸರನ್ನು ಸಾಮ್ರಾಜ್ಯದಲ್ಲೆಲ್ಲ ಅಳಿಸುವ ಕೆಲಸ ಶುರುವಾಯಿತು. ಕಮಾನಿನ ನಾಲ್ಕನೆಯ ಸಾಲನ್ನು ನೋಡಿ. 'ಅತ್ಯುತ್ತಮರೂ ಅತಿ ಶೂರರೂ ಆದ ಪ್ರಭುಗಳಿಗೆ' ಎಂದಿದೆ, ಸುಮ್ಮನೆ ತುಂಬಿಸಿದ ಹೊಗಳಿಕೆ. ಆ ಸಾಲಿನಲ್ಲಿ ಅಕ್ಷರಗಳಿಗೆ ಹೊಂದದ ಮೊಳೆತೂತುಗಳಿವೆ. ಕಂಚಿನ ಅಕ್ಷರಗಳನ್ನು ಕೂರಿಸಲು ಮೊದಲು ಕೊರೆದ ತೂತುಗಳು ಅವು. ಅವುಗಳನ್ನು ಸೇರಿಸಿ ಓದಿದಾಗ ಗೇಟಾನ ಹೆಸರು ಮತ್ತೆ ಎದ್ದು ಬಂತು. ತಮ್ಮನನ್ನು ಕೊಂದದ್ದು ಸುಲಭವಾಯಿತು, ತೂತು ಮುಚ್ಚುವುದು ಆಗಲಿಲ್ಲ.

ತಲೆ ಬದಲಾಯಿಸಿದ್ದಕ್ಕೆ ವ್ಯಾಟಿಕನ್ನಿನ ಕಾಂಚೆಲ್ಲೇರಿಯಾ ಫಲಕಗಳಲ್ಲಿ ಉದಾಹರಣೆ ಇದೆ. 96ರಲ್ಲಿ ಡೊಮಿಷಿಯನನ ಕೊಲೆಯಾದ ಮೇಲೆ ಅವನ ಮುಖವನ್ನೇ ಕೆತ್ತಿ, ನಂತರ ಪಟ್ಟಕ್ಕೆ ಬಂದ ಮುದುಕ ನೆರ್ವಾನ ಮುಖ ಮಾಡಿದರು. ಕೆತ್ತಿದರೆ ಕಲ್ಲು ಕಡಿಮೆಯಾಗುತ್ತದೆಯಷ್ಟೆ, ಹೊಸ ತಲೆ ದೇಹಕ್ಕೆ ಚಿಕ್ಕದಾಯಿತು.

ಹಂತ 10: ಬಣ್ಣ ಹಚ್ಚಿ, ಕತ್ತು ಎತ್ತಿ

ಚಿಕ್ಕ ಹಂತ. ಬಿಳಿ ಅಮೃತಶಿಲೆ ನಮ್ಮ ಕಾಲದ ಕಲ್ಪನೆ; ಇವುಗಳಿಗೆ ಬಣ್ಣವಿತ್ತು. ಜೆರುಸಲೇಮನ್ನು ಗೆದ್ದ, ವೆಸ್ಪೇಸಿಯನನ ಮಗ ಟೈಟಸನ ಕಮಾನಿನಲ್ಲಿ ಆ ಊರಿನಿಂದ ಹೊತ್ತು ತರುವ ಏಳು ಕವಲಿನ ದೀಪಸ್ತಂಭದ ಮೇಲೆ 2012ರಲ್ಲಿ ಹಳದಿ ಬಣ್ಣದ ಕುರುಹು ಪತ್ತೆಯಾಯಿತು. ದೂರದಿಂದ ಅದು ಚಿನ್ನದಂತೆ ಹೊಳೆಯುತ್ತಿದ್ದಿರಬೇಕು. ಹಾಗೆಯೇ, ನೆಲದ ಮೇಲೆ ನಿಂತವನಿಗೆ ಎಷ್ಟು ಕಾಣುತ್ತಿತ್ತು ಎಂದೂ ಕೇಳಿ. ಟ್ರೇಜನನ ಕಂಬದ ಮೇಲಿನ ಸುತ್ತುಗಳು ಯಾರ ಕಣ್ಣಿಗೂ ಸರಿಯಾಗಿ ಬೀಳುತ್ತಿರಲಿಲ್ಲ. ಎಲ್ಲವನ್ನೂ ಓದಲಿ ಎಂಬುದಕ್ಕಿಂತ, ಹೇಳಿ ಮುಗಿಯದಷ್ಟಿದೆ ಎಂದು ಅನ್ನಿಸಿದರೆ ಕೆಲಸವಾಯಿತು.

ಹಂತ 11: ಬೇರೆ ಸಾಕ್ಷಿಗೆ ಹೊಂದಿಸಿ

ಸ್ಮಾರಕವನ್ನು ಸ್ಮಾರಕದಿಂದಲೇ ಪರೀಕ್ಷಿಸಲಾಗದು. ನಾಣ್ಯ ನೋಡಿ: ಅಗಸ್ಟಸನ ಪ್ರತಿಮೆಯ ಎದೆಗವಚದ ಮೇಲೆ ನಿಂತುಕೊಂಡು ಧ್ವಜ ಒಪ್ಪಿಸುವ ಪಾರ್ಥಿಯನ್, ಕ್ರಿ.ಪೂ. 19ರ ಬೆಳ್ಳಿ ನಾಣ್ಯಗಳಲ್ಲಿ ಮೊಣಕಾಲೂರಿದ್ದಾನೆ. ಪ್ರತಿಮೆಯಲ್ಲಿ ಒಪ್ಪಂದ, ಜನರ ಜೇಬಿನಲ್ಲಿ ಶರಣಾಗತಿ.

ಸಾಮಾನ್ಯರ ಸಮಾಧಿಗಳನ್ನೂ ಬಿಡಬೇಡಿ. ಟ್ರೇಜನನ ಕಂಬದ ತುದಿಯ ಹತ್ತಿರ ಡೇಸಿಯಾದ ಅರಸ ಡೆಸೆಬಾಲಸ್ ಮರದ ಬುಡದಲ್ಲಿ ಕುಸಿದು, ಬಾಗಿದ ಕತ್ತಿಯನ್ನು ತನ್ನ ಕುತ್ತಿಗೆಗೇ ಹಿಡಿದಿದ್ದಾನೆ. ಕುದುರೆ ಸವಾರ ಅವನ ಕಡೆ ಕೈ ಚಾಚಿದ್ದಾನೆ. 1965ರಲ್ಲಿ ಗ್ರೀಸಿನ ಫಿಲಿಪ್ಪಿ ಬಳಿ ಒಂದು ಸಮಾಧಿಕಲ್ಲು ಸಿಕ್ಕಿತು. ಟೈಬೀರಿಯಸ್ ಕ್ಲಾಡಿಯಸ್ ಮ್ಯಾಕ್ಸಿಮಸ್ ಎಂಬ ಸವಾರನದು. ಡೆಸೆಬಾಲಸನನ್ನು ಹಿಡಿದು ಅವನ ತಲೆಯನ್ನು ಟ್ರೇಜನನಿಗೆ ತಂದೊಪ್ಪಿಸಿದವನು ತಾನು ಎಂದು ಅದರಲ್ಲಿ ಬರೆದಿದೆ, ಮೇಲೆ ಅದೇ ಕ್ಷಣದ ಚಿತ್ರ. ಕಂಬದಲ್ಲಿ ಹೆಸರಿಲ್ಲದೆ ಕೈ ಚಾಚಿದವನು ತನ್ನ ಸ್ವಂತ ಕಲ್ಲಿನಲ್ಲಿ ಹೆಸರು ಹೇಳಿಕೊಂಡ.

ಕೆಲವೊಮ್ಮೆ ನೇರ ಸುಳ್ಳೂ ಸಿಕ್ಕಿಬೀಳುತ್ತದೆ. ಟೈಟಸನಿಗೆ ರೋಮಿನ ರಥಪಂದ್ಯದ ಮೈದಾನವಾದ ಸರ್ಕಸ್ ಮ್ಯಾಕ್ಸಿಮಸಿನಲ್ಲಿ ಇನ್ನೊಂದು ಕಮಾನಿತ್ತು. ಶಾಸನದ ಮಧ್ಯಯುಗದ ನಕಲು ಉಳಿದಿದೆ. ಅವನಿಗಿಂತ ಮುಂಚಿನ ಯಾವ ದಂಡನಾಯಕನೂ ಅರಸನೂ ಜೆರುಸಲೇಮನ್ನು ಗೆದ್ದಿರಲಿಲ್ಲ, ಕೆಲವರು ಯತ್ನಿಸಿ ಸೋತರು, ಉಳಿದವರು ಯತ್ನಿಸಲೇ ಇಲ್ಲ ಎನ್ನುತ್ತದೆ ಅದು. ರೋಮಿನವನೇ ಆದ ಪಾಂಪೆ ಆ ಊರನ್ನು ಹಿಡಿದದ್ದು ಕ್ರಿ.ಪೂ. 63ರಲ್ಲಿ. ಓದುವ ಸೆನೆಟರುಗಳಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು.

ಹಂತ 12: ಆಮೇಲೆ ಯಾರ ಕೈಗೆ ಬಿತ್ತು?

ಸ್ಮಾರಕದ ರಾಜಕೀಯ ಅದನ್ನು ಕಟ್ಟಿಸಿದವನ ಜೊತೆಗೆ ಸಾಯುವುದಿಲ್ಲ. 1587ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಟ್ರೇಜನನ ಕಂಬದ ತುದಿಗೆ ಸಂತ ಪೀಟರನನ್ನು ಏರಿಸಿದ. ಈಗಲೂ ಅಲ್ಲೇ ಇದ್ದಾನೆ. ಟೈಟಸನ ಕಮಾನಿನಲ್ಲಿ ಲೂಟಿಯ ಮಾಲಾಗಿದ್ದ ದೀಪಸ್ತಂಭದ ಆಕಾರವನ್ನೇ 1949ರಲ್ಲಿ ಇಸ್ರೇಲ್ ತನ್ನ ರಾಷ್ಟ್ರಲಾಂಛನಕ್ಕೆ ತೆಗೆದುಕೊಂಡಿತು.

ಮುಸೊಲಿನಿಗೆ ಬೇಕಾದದ್ದು ಅಗಸ್ಟಸ್. ಅವನ ಎರಡು ಸಾವಿರನೇ ಜನ್ಮವರ್ಷಕ್ಕೆಂದು ಆರಾ ಪಾಚಿಸಿನ ತುಂಡುಗಳನ್ನು, ನೀರು ಜಿನುಗುವ ನೆಲವನ್ನು ಹೆಪ್ಪುಗಟ್ಟಿಸಿ ಅಗೆಸಿ ತೆಗೆಸಿದ. ಮೂಲ ಜಾಗ ಬಿಟ್ಟು ಟೈಬರ್ ನದಿಯ ದಂಡೆಯಲ್ಲಿ, ಅಗಸ್ಟಸನ ಸಮಾಧಿಯ ಎದುರು ಜೋಡಿಸಿ, 1938ರ ಸೆಪ್ಟೆಂಬರ್ 23ರಂದು ಉದ್ಘಾಟಿಸಿದ. ಅಗಸ್ಟಸನ ಸಾಧನೆಗಳ ಪಟ್ಟಿಯನ್ನೂ ಆ ಕಟ್ಟಡದ ಗೋಡೆಗೆ ಕೆತ್ತಿಸಿದ. ಇಂದು ಪ್ರವಾಸಿಗರು 'ಅಗಸ್ಟಸನ ರೋಮ್' ಎಂದು ಫೋಟೊ ತೆಗೆಯುವ ಆ ನೋಟ ಅಗಸ್ಟಸ್ ಎಂದೂ ಕಂಡದ್ದಲ್ಲ. 4ನೇ ಹಂತಕ್ಕೆ ಮರಳಿ ಇದನ್ನೂ ಸೇರಿಸಿ.

ಅಲ್ಲಿಂದ ಕೊಲೋಸಿಯಮ್ ಕಡೆಗೆ ಅವನೇ ಹಾಕಿಸಿದ ಅಗಲ ರಸ್ತೆಯಲ್ಲಿ ನಡೆದರೆ, ಮ್ಯಾಕ್ಸೆಂಟಿಯಸನ ಬೆಸಿಲಿಕಾದ ಬಳಿಯ ಗೋಡೆಯಲ್ಲಿ ರೋಮನ್ ಸಾಮ್ರಾಜ್ಯ ಬೆಳೆದ ಬಗೆಯನ್ನು ತೋರಿಸುವ ಕಲ್ಲಿನ ನಕ್ಷೆಗಳು ಸಿಗುತ್ತವೆ. 1934ರಲ್ಲಿ ಹಾಕಿದವು. ಮೊದಲನೆಯದರಲ್ಲಿ ರೋಮ್ ಒಂದು ಚುಕ್ಕೆ, ಕೊನೆಯದರಲ್ಲಿ ಟ್ರೇಜನನ ಕಾಲದ ವಿಸ್ತಾರ. ನಾಲ್ಕು ಇವೆ. 1936ರಲ್ಲಿ ಮುಸೊಲಿನಿಯ ಸಾಮ್ರಾಜ್ಯದ ಐದನೆಯ ನಕ್ಷೆಯನ್ನು ಪಕ್ಕದಲ್ಲೇ ಸೇರಿಸಿದ್ದರು. ಯುದ್ಧ ಮುಗಿದ ಮೇಲೆ ಅದನ್ನು ತೆಗೆದುಹಾಕಿದರು. ಗೋಡೆಯ ಮುಂದೆ ನಿಂತಾಗ ಮೂರನೆಯ ಅಂಕಣವನ್ನು ತೆರೆದಿಟ್ಟುಕೊಳ್ಳಿ.